ನದಿ ದಾಟತಕ್ಕದ್ದಲ್ಲ

ಹಾಸ್ಟೆಲ್, ಮೂರನೇ ಮಹಡಿ
ಸೆಪ್ಟೆಂಬರ್ ೯, ಸೋಮವಾರ

ಪ್ರೀತಿಯ ಅಪ್ಪನಿಗೆ,

ಮೊದಲು ನಮಸ್ಕಾರ, ಅದರ ಬೆನ್ನಿಗೇ ಸಾರಿ. ಕಾಲೇಜಿಗೆ ಸೇರಿದ ದಿನವೇ ಬರೆಯುತ್ತೇನೆ ಎಂದಿದ್ದವಳು ಇಷ್ಟು ತಡ ಮಾಡಿದೆ. ನೆಪಗಳು ಬೇಕಾದಷ್ಟಿವೆ: ಅಸೈನ್‌ಮೆಂಟು, ಲೈಬ್ರರಿ ಕಾರ್ಡು, ನೆಗಡಿ. ನಿಜ ಏನೆಂದರೆ ನಿಮಗೆ ಬರೆಯೋಣವೆಂದು ಕೂತರೆ ಮೊದಲ ಸಾಲು ಇಂಗ್ಲಿಷಿನಲ್ಲೇ ಬಂದುಬಿಡುತ್ತದೆ. ಹರಿದು ಹಾಕುತ್ತೇನೆ. ಮತ್ತೆ ಕೂರುತ್ತೇನೆ. ಹಾಸ್ಟೆಲ್ಲಿನಲ್ಲಿ ಬೆಳೆದವಳ ಹಣೆಬರಹ, ನಗಬೇಡಿ. ಫೋನ್ ಮಾಡಬಹುದಿತ್ತು, ಆದರೆ ನೀವು ಎತ್ತುವುದಿಲ್ಲ. ಎತ್ತಿದರೂ "ಹೂಂ, ಅಮ್ಮನಿಗೆ ಕೊಡ್ತೀನಿ" ಎನ್ನುತ್ತೀರಿ. ಬರೆದದ್ದನ್ನಾದರೆ ನೀವು ಓದದೆ ಬಿಡುವವರಲ್ಲ.

ರೂಮು ಪರವಾಗಿಲ್ಲ. ಕಿಟಕಿ ಪೂರ್ತಿ ಮುಚ್ಚುವುದಿಲ್ಲ, ಬಾಗಿಲು ಪೂರ್ತಿ ತೆರೆಯುವುದಿಲ್ಲ, ಉಳಿದದ್ದೆಲ್ಲ ಸರಿ ಇದೆ. ಮೆಸ್ಸಿನಲ್ಲಿ ಏನು ಬಡಿಸಿದರೂ ಒಂದೇ ರುಚಿ. ರೂಮ್‌ಮೇಟ್ ನಮ್ಮ ಗಡಿಯಾರವೇ. ಸ್ಕೂಲಿನಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ಎಲ್ಲರ ಹೊದಿಕೆ ಎಳೆಯುತ್ತಿದ್ದವಳು, ರಜೆಗೆ ನಮ್ಮನೆಗೆ ಬಂದು ನಿಮ್ಮ ಚಪ್ಪಲಿ ಮೆಟ್ಟಿಕೊಂಡು ಮನೆ ತುಂಬ ಓಡಾಡಿದವಳು, ಅದೇ ಹುಡುಗಿ. ಆ ಅಡ್ಡಹೆಸರು ಇಲ್ಲಿಗೂ ಬಂದಿದೆ. "ನಮ್ಮ ದೇಶ ಇನ್ನೂ ಮೈತ್ರಿಕೂಟದಲ್ಲಿದೆ, ಅದಕ್ಕೇ ನನ್ನ ಸ್ಕಾಲರ್‌ಶಿಪ್ಪೂ ಇದೆ. ನಮ್ಮ ಸರ್ಕಾರ ಮುನಿಸಿಕೊಂಡು ಹೊರಬಂದ ದಿನ ನನ್ನ ಹಾಸಿಗೆ ಸುತ್ತಿಡು" ಎಂದು ತನ್ನ ದೇಶದ ಬಗ್ಗೆ ಅವಳೇ ತಮಾಷೆ ಮಾಡುತ್ತಾಳೆ.

ತಮಾಷೆಯೇನೂ ಅಲ್ಲ ಬಿಡಿ. ಮೈತ್ರಿಕೂಟದ ಸದಸ್ಯ ದೇಶಗಳ ಸೈನಿಕರ, ಅಧಿಕಾರಿಗಳ ಮಕ್ಕಳು ಒಟ್ಟಿಗೆ ಓದಲಿ ಎಂದು ಕಟ್ಟಿದ ಸ್ಕೂಲಲ್ಲವೇ ನಮ್ಮದು. ದೊಡ್ಡವರಿಗೆ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು, ನಮಗೆ ಮೆಸ್ಸಿನಲ್ಲಿ. ಯಾವುದೋ ದೇಶ ಹೊರಗೆ ಹೋಯಿತೆಂದರೆ ಮರುವಾರ ಒಂದು ಬೆಂಚು ಖಾಲಿ. ಹೊಸ ದೇಶ ಸೇರಿತೆಂದರೆ ಅದೇ ಬೆಂಚಿನ ಮೇಲೆ ನಾಲ್ಕು ಹೊಸ ಮಕ್ಕಳು, ತಟ್ಟೆ ಮುಂದಿಟ್ಟುಕೊಂಡು ನಮಗೆ ಅರ್ಥವಾಗದ ಭಾಷೆಯಲ್ಲಿ ಅಳುತ್ತಿರುತ್ತಿದ್ದವು. ವಾರ್ಡನ್ ಆಂಟಿ ಎಲ್ಲರಿಗೂ ಒಂದೇ ಇಂಗ್ಲಿಷಿನಲ್ಲಿ ಗದರುತ್ತಿದ್ದರು. ನನ್ನ ಇಂಗ್ಲಿಷು ಅಲ್ಲಿಯದೇ. ಅರ್ಧ ಪ್ರೀತಿ, ಅರ್ಧ ಗದರಿಕೆ.

ಸುತ್ತಿ ಬಳಸಿ ಬರೆಯುತ್ತಿದ್ದೇನೆ, ನಿಮಗೆ ಗೊತ್ತಾಗಿರುತ್ತದೆ. ವಿಷಯಕ್ಕೆ ಬರುತ್ತೇನೆ.

ಕಳೆದ ವಾರ ಪ್ರೊಫೆಸರ್ ಮೇಡಂ "ವೈರಿ ಸತ್ತ ಮೇಲೂ ಮೈತ್ರಿಕೂಟ ಯಾಕೆ ಸಾಯಲ್ಲ?" ಎಂದು ಶುರು ಮಾಡಿದರು. ಉದಾಹರಣೆಗೆ ನಮ್ಮ ಮೈತ್ರಿಕೂಟವನ್ನೇ ತೆಗೆದುಕೊಂಡರು. "ನಿಮ್ಮ ಅಜ್ಜಂದಿರ ಕಾಲದಲ್ಲಿ ಉತ್ತರದ ಗಡಿ ಕಾಯೋಕೆ ಅಂತ ಕಟ್ಟಿದ್ದು. ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೂ ಬಿದ್ದ ಹಾಗೆ ಅನ್ನೋ ಒಪ್ಪಂದ. ಉತ್ತರದವನು ತಾನೇ ಒಳಗಿಂದ ಮುರಿದುಬಿದ್ದ. ಕೆಲಸ ಮುಗೀತು, ಬೀಗ ಹಾಕಿ ಎಲ್ಲರೂ ಮನೆಗೆ ಹೋಗಬೇಕಿತ್ತು. ಹೋದ್ರಾ?"

"ಅಷ್ಟು ದೊಡ್ಡ ಆಫೀಸು ಕಟ್ಟಿಸಿದ್ದಾರಲ್ಲ ಮೇಡಂ, ಅದನ್ನೇನು ಬಾಡಿಗೆಗೆ ಕೊಡ್ತಾರಾ?" ಎಂದ ಹಿಂದಿನ ಬೆಂಚಿನವನೊಬ್ಬ. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಆಮೇಲೆ ಮೇಡಂ ಹೊಸ ಕೆಲಸದ ಕತೆ ಹೇಳಿದರು. ಸಮುದ್ರದಾಚೆ, ಅಂತರ್ಯುದ್ಧ ಮುಗಿದ ದೇಶದಲ್ಲಿ ರಸ್ತೆ, ಬಾವಿ, ಸೇತುವೆ ಕಾಯುವ ಕೆಲಸ. ಅಲ್ಲಿನ ನದಿಯ ಈಚೆ ಪರವಾಗಿಲ್ಲ, ಆಚೆ ಇನ್ನೂ ಅಪಾಯ. "ಗಡಿ ಎಲ್ಲರದ್ದೂ ಆಗಿತ್ತು. ಇದು ಹಾಗಲ್ಲ. ಒಬ್ಬರಿಗೆ ಅಲ್ಲಿ ವ್ಯಾಪಾರ ಇತ್ತು. ಇನ್ನೊಬ್ಬರಿಗೆ ಮನೇಲಿ ಚುನಾವಣೆ. ಮತ್ತೊಬ್ಬರು ಬರೀ ದಾಕ್ಷಿಣ್ಯಕ್ಕೆ ಬಂದೋರು. ಒಡೆದೇ ಹೋಗೋದಿತ್ತು. ಉಳಿಸಿದ್ದು ಒಂದೊಂದು ದೇಶವೂ ಹಾಕಿದ ಇಂಥ ಷರತ್ತು" ಎಂದು ಸ್ಲೈಡ್ ಬದಲಿಸಿದರು.

ಗೋಡೆಯ ಮೇಲೆ ನಿಮ್ಮ ಸಾಲು ಇತ್ತು, ಅಪ್ಪಾ.

"ರಾಜಧಾನಿಯ ಪೂರ್ವಾನುಮತಿ ಇಲ್ಲದೆ ನಮ್ಮ ಯಾವುದೇ ವಿಮಾನ ಅಥವಾ ಹೆಲಿಕಾಪ್ಟರ್ ನದಿಯನ್ನು ದಾಟತಕ್ಕದ್ದಲ್ಲ."

"ಎಷ್ಟು ಅಚ್ಚುಕಟ್ಟಾಗಿದೆ ನೋಡಿ" ಎಂದರು ಮೇಡಂ. "ಒಳಗೂ ಇರಬಹುದು, ಒಂದು ಕಾಲು ಹೊರಗೂ ಇಡಬಹುದು. ಯಾರೋ ಗುಮಾಸ್ತ ಬರೆದಿರಬೇಕು. ಆಮೇಲೆ ಬೇರೆ ದೇಶಗಳೂ ಹೆಸರು ಬದಲಾಯಿಸಿ ಇದನ್ನೇ ಎತ್ತಿಕೊಂಡವು. ಮೈತ್ರಿ ಉಳಿಯೋದು ಮಾತು ಬಿಗಿಯಾಗಿರೋದರಿಂದ ಅಲ್ಲ, ಸಡಿಲ ಇರೋದರಿಂದ. ಬರ್ಕೊಳ್ಳಿ."

ಎಲ್ಲರೂ ಬರೆದುಕೊಂಡರು. ನಮ್ಮಪ್ಪ ಗುಮಾಸ್ತ ಅಲ್ಲ, ರಕ್ಷಣಾ ಇಲಾಖೆಯ ಕಾನೂನು ವಿಭಾಗದ ಮುಖ್ಯಸ್ಥ ಎಂದು ಎದ್ದು ಹೇಳೋಣ ಅನಿಸಿತು. ಏಳದೆ ನಾನೂ ಬರೆದುಕೊಂಡೆ. ಗಡಿಯಾರ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ನನ್ನದಕ್ಕಿಂತ ತಣ್ಣಗಿತ್ತು.

ಮೇಡಂಗೆ ಅಣ್ಣನ ವಿಷಯ ಗೊತ್ತಿಲ್ಲ. ಹೇಗೆ ಗೊತ್ತಿರಬೇಕು? ಒಂದು ಹೆಲಿಕಾಪ್ಟರ್ ಬಿದ್ದರೆ ಹತ್ತು ಮನೆಗಳಲ್ಲಿ ಒಟ್ಟಿಗೇ ಅಳು ಏಳುತ್ತದೆ, ಅದಕ್ಕೇ ನದಿಗೆ ನಿಲ್ಲಿಸಿದೆ ಎಂದು ನೀವು ಊಟಕ್ಕೆ ಕೂತಾಗ ಹೇಳುತ್ತಿದ್ದದ್ದು ನೆನಪಿದೆ. ಅಣ್ಣ ನಗುತ್ತಿದ್ದ: "ಅಪ್ಪ ಬಿಡಿ, ಒಂದೇ ಸಾಲಿನಲ್ಲಿ ವಾಯುಪಡೆಗೇ ಬ್ರೇಕ್ ಹಾಕಿದ್ದಾರೆ." ಅವನು ಹಾರುವವನಲ್ಲವಲ್ಲ, ಸೇನೆಯಲ್ಲಿ ಸೇತುವೆ ಕಟ್ಟುವ ಇಂಜಿನಿಯರು. ಸೇತುವೆಗೆ ಎರಡು ದಡ ಇರುತ್ತವೆ, ಕಟ್ಟುವವನು ಎರಡರಲ್ಲೂ ನಿಲ್ಲಬೇಕಾಗುತ್ತದೆ ಎಂಬುದು ನಿಮ್ಮ ಮೇಜಿನ ಸುತ್ತ ಕೂತಿದ್ದ ಯಾರಿಗೂ ಹೊಳೆಯಲಿಲ್ಲ. ನಿಮಗೂ, ಅಣ್ಣನಿಗೂ.

ಅವನು ಆಚೆ ದಡದಲ್ಲಿ ಕಂಬದ ಬುಡ ನೋಡುತ್ತಿದ್ದಾಗ ನೆಲಬಾಂಬು ಸಿಡಿಯಿತು. ಈಚೆ ದಡದಲ್ಲಿ ಗಡಿಯಾರದ ದೇಶದ ಹೆಲಿಕಾಪ್ಟರ್ ಇತ್ತು. ರೆಕ್ಕೆ ತಿರುಗಿಸಿಕೊಂಡು ಸಿದ್ಧವಾಗಿಯೇ ಇತ್ತು. ಅವರ ಪೈಲಟ್ ಅವರ ರಾಜಧಾನಿಗೆ ಫೋನ್ ಮಾಡಿಸಿದ, ಏಕೆಂದರೆ ಅವರ ಷರತ್ತೂ ನಿಮ್ಮ ಸಾಲೇ. ಅವತ್ತು ಅಲ್ಲಿ ರಜೆ. ಖಾಲಿ ಕೋಣೆಯಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತಂತೆ. ಅನುಮತಿ ಕೊನೆಗೂ ಬಂತು. ಅಷ್ಟು ಹೊತ್ತಿಗೆ ಅಣ್ಣನಿಗೆ ಅದರ ಅಗತ್ಯ ಇರಲಿಲ್ಲ.

ಇದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೆ? ನಿಮಗೆ ಗೊತ್ತಿಲ್ಲದ್ದೇನೂ ಇದರಲ್ಲಿಲ್ಲ. ಆದರೆ ನಾವು ಮೂವರು ಇದನ್ನು ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲ, ಅದಕ್ಕೆ.

ಅಮ್ಮ ಫೋನ್ ಮಾಡಿದ್ದಳು. ರಕ್ತನಿಧಿಯಲ್ಲಿ ಎರಡು ಶಿಫ್ಟ್ ಒಟ್ಟಿಗೆ ಮಾಡಿ ಬಂದು ಅವಳ ಧ್ವನಿ ಕುಗ್ಗಿಹೋಗಿತ್ತು. "ನಿಮ್ಮಪ್ಪ ಬಾಲ್ಕನಿಯಲ್ಲಿ ಕುರ್ಚಿ ರಿಪೇರಿ ಮಾಡ್ತಾ ಕೂತಿದ್ದಾರೆ ಕಣೆ. ಕುರ್ಚಿಗೆ ಏನೂ ಆಗಿಲ್ಲ. ಬಿಚ್ಚೋದು, ಮತ್ತೆ ಜೋಡಿಸೋದು. ನಾನು ನಿಂತ್ಕೊಂಡೇ ಕಾಫಿ ಕುಡೀತೀನಿ" ಎಂದಳು. ಇಲಾಖೆಯ ಕಾರ್ಯದರ್ಶಿಯೇ ಮನೆಗೆ ಬಂದಿದ್ದರಂತೆ. ಮುಂದಿನ ತಿಂಗಳ ಮೈತ್ರಿಕೂಟದ ಸಭೆಯಲ್ಲಿ ಷರತ್ತುಗಳನ್ನೆಲ್ಲ ಹೊಸದಾಗಿ ಬರೆಯುತ್ತಾರಂತೆ. ಒಂದು ದೇಶ ಬಿಡುತ್ತೇನೆ ಎನ್ನುತ್ತಿದೆ, ಇನ್ನೊಂದು ನೆಲದ ಸಹವಾಸವೇ ಬೇಡ, ಹಡಗುಗಳನ್ನೂ ಸಮುದ್ರದ ತಳದ ಕೇಬಲ್‌ಗಳನ್ನೂ ಕಾಯೋಣ ಎನ್ನುತ್ತಿದೆ. "ನೀವಿಲ್ಲದೆ ಆಗಲ್ಲ" ಎಂದರಂತೆ. ನೀವು "ನನ್ನ ಕೈಲಿ ಇನ್ನು ಏನೂ ಬರೆಸಬೇಡಿ" ಎಂದು ಒಳಗೆ ಹೋದಿರಂತೆ.

ಅಪ್ಪಾ, ಹೋಗಿ. ಪ್ಲೀಸ್. ಆ ಸಾಲನ್ನು ಬೇರೆ ಯಾರೂ ತೆಗೆಯುವುದಿಲ್ಲ. ಅದು ಎಲ್ಲರಿಗೂ ಹಿತವಾಗಿದೆ. ತೆಗೆಯಬೇಕೆಂದು ಅನಿಸಬಹುದಾದವರು ಆ ಮೇಜಿನಲ್ಲಿ ನೀವೊಬ್ಬರೇ.

ಅಮ್ಮನಿಗೆ ಕೂರಲು ಒಂದು ಕುರ್ಚಿ ಬಿಟ್ಟುಕೊಡಿ.

ನಿಮ್ಮ
ಮರಿ

*

ಅಕ್ಟೋಬರ್ ೨, ಬುಧವಾರ

ಅಪ್ಪಾ,

ಅಮ್ಮ ಹೇಳಿದಳು! ಹೋಗುತ್ತಿದ್ದೀರಂತೆ! ಕೋಟು ಇಸ್ತ್ರಿಗೆ ಕೊಟ್ಟಿದ್ದೀರಂತೆ, ಗಡ್ಡ ಬೋಳಿಸಿಕೊಂಡಿದ್ದೀರಂತೆ. "ಮದುವೆ ಗಂಡಿನ ಹಾಗೆ ಕಾಣ್ತಿದ್ದಾರೆ, ಸ್ವಲ್ಪ ವಯಸ್ಸಾದ ಗಂಡು" ಎಂದು ಅಮ್ಮ ನಕ್ಕಳು. ಅವಳು ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತು. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಕೆಳಗಿನ ರೂಮಿನವಳು ಪರೀಕ್ಷೆಯ ಟೆನ್ಷನ್ ಎಂದುಕೊಂಡು ಬಾಳೆಹಣ್ಣು ಕೊಟ್ಟು ಹೋದಳು.

ಗಡಿಯಾರಕ್ಕೆ ಹೇಳಿದೆ. ಅವಳು ತಕ್ಷಣ ಎದ್ದು ಕೂತಳು. "ನಿಮ್ಮಪ್ಪ ಮೊದಲು ಬಾಯಿಬಿಟ್ಟರೆ ಸಾಕು. ನಮ್ಮವರು ನಿಮ್ಮನ್ನು ನೋಡ್ಕೊಂಡೇ ಈ ಷರತ್ತು ಹಾಕಿದ್ದು, ಈಗಲೂ ನಿಮ್ಮನ್ನೇ ನೋಡ್ತಾರೆ. ನೀವು ತೆಗೆದರೆ ನಾವು ಇಟ್ಕೊಂಡಿರೋಕೆ ನಾಚಿಕೆಯಾಗುತ್ತೆ" ಎಂದಳು. ಆಮೇಲೆ, "ಅವತ್ತಿನ ನಮ್ಮ ಪೈಲಟ್ ಕೆಲಸ ಬಿಟ್ಟ, ಗೊತ್ತಾ? ಪೇಪರಿನಲ್ಲಿ ಬಂದಿತ್ತು" ಎಂದಳು. ಬಾಳೆಹಣ್ಣನ್ನು ಅರ್ಧ ಮುರಿದು ಕೊಟ್ಟೆ.

ಸಭೆಯನ್ನು ಟಿವಿಯಲ್ಲಿ ತೋರಿಸುತ್ತಾರಂತೆ. ಮೆಸ್ಸಿನ ಟಿವಿಯ ಮುಂದೆ ಜಾಗ ಹಿಡಿದಿಡುತ್ತೇನೆ. ಬಿಸಿನೀರು ಕುಡಿಯಿರಿ. ಮಾತಿನ ಮಧ್ಯೆ ಗಂಟಲು ಕೆರೆಯಬೇಡಿ, ಸುಳ್ಳು ಹೇಳುತ್ತಿದ್ದೀರಿ ಅನಿಸುತ್ತದೆ. ನನಗೆ ನಿಮಗಿಂತ ಜಾಸ್ತಿ ಭಯವಾಗುತ್ತಿದೆ.

ನಿಮ್ಮ ಮರಿ

*

ನವೆಂಬರ್ ೬

ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಹಾಗೇ ಇದ್ದೀರಿ ಎಂದುಕೊಳ್ಳುತ್ತೇನೆ. ತಡವಾದದ್ದಕ್ಕೆ ಈ ಸಲ ನೆಪ ಹೇಳುವುದಿಲ್ಲ. ನಿಮ್ಮ ಮೇಲೆ ಕೋಪ ಇತ್ತು. ಎಷ್ಟು ಕೋಪವೆಂದರೆ, ಅಮ್ಮ ಫೋನ್ ಮಾಡಿ "ಅಪ್ಪನ ಹತ್ರ ಮಾತಾಡ್ತೀಯಾ?" ಎಂದಾಗ "ಕ್ಲಾಸ್ ಇದೆ" ಎಂದೆ. ಭಾನುವಾರ ಅದು. ಅಮ್ಮ "ಆಯ್ತಮ್ಮ, ಓದ್ಕೋ" ಎಂದು ಇಟ್ಟಳು.

ಸಭೆಯ ದಿನ ಮಧ್ಯಾಹ್ನ ಮೆಸ್ಸಿನಲ್ಲಿ ಬೇರೆ ಹುಡುಗಿಯರಿಗೆ ಸೀರಿಯಲ್ ಬೇಕಿತ್ತು. ಗಡಿಯಾರ ರಿಮೋಟ್ ಮೇಲೆ ಕೂತುಬಿಟ್ಟಳು. "ನಮ್ಮಪ್ಪ ಬರ್ತಾರೆ" ಎಂದು ನಾನು ಹೇಳಿದ್ದಕ್ಕೆ ಎಲ್ಲರೂ ಸುಮ್ಮನಾದರು, ಇಬ್ಬರು ಹತ್ತಿರ ಬಂದೂ ಕೂತರು. ನೀವು ಉದ್ದನೆಯ ಮೇಜಿನ ಕೊನೆಯಲ್ಲಿದ್ದಿರಿ. ಕೋಟು ದೊಡ್ಡದಾಗಿ ಕಾಣುತ್ತಿತ್ತು. ಅಧ್ಯಕ್ಷೆ ಒಂದೊಂದು ದೇಶವನ್ನೂ ಕೇಳಿಕೊಂಡು ಬಂದು ನಿಮ್ಮಲ್ಲಿಗೆ ನಿಂತರು: ನದಿಯ ಷರತ್ತನ್ನು ನಿಮ್ಮ ಸರ್ಕಾರ ಹಿಂತೆಗೆದುಕೊಳ್ಳುತ್ತದೆಯೇ?

ನೀವು ಎದ್ದು ನಿಂತಿರಿ. ಮೈಕ್ ಸರಿಮಾಡಿದಿರಿ. ಆಮೇಲೆ ಆ ಸಾಲನ್ನು ಪೂರ್ತಿಯಾಗಿ, ಮೊದಲಿನಿಂದ ಕೊನೆಯವರೆಗೆ ಓದಿದಿರಿ. "ಈ ಷರತ್ತು ಮುಂದುವರಿಯುತ್ತದೆ" ಎಂದಿರಿ. ಗಂಟಲು ಕೆರೆಯಲಿಲ್ಲ. ಚಪ್ಪಾಳೆ ಬಂತು. ಗಡಿಯಾರದ ದೇಶದವರು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು, ಹೊರೆ ಇಳಿದವರ ಹಾಗೆ.

"ಮುಗೀತಾ? ಚಾನೆಲ್ ಹಾಕಲಾ?" ಎಂದಳು ಒಬ್ಬಳು, ಪಾಪ, ಮೆಲ್ಲಗೆ. ಗಡಿಯಾರ ಎದ್ದು ರಿಮೋಟ್ ಕೊಟ್ಟಳು.

ಉಳಿದದ್ದನ್ನು ಮೊನ್ನೆ ಅಮ್ಮ ಹೇಳಿದಳು. ನೀವು ಹೇಳಬಾರದೆಂದಿದ್ದಿರಂತೆ, ಅವಳ ಮೇಲೆ ಸಿಟ್ಟಾಗಬೇಡಿ. ಸಭೆಯ ಹಿಂದಿನ ವಾರವೆಲ್ಲ ನೀವು ಷರತ್ತು ತೆಗೆಯುವ ಭಾಷಣವನ್ನೇ ಸಿದ್ಧ ಮಾಡಿಕೊಂಡಿದ್ದಿರಂತೆ. ಸಭೆಯ ದಿನ ಬೆಳಿಗ್ಗೆ ಕಾರ್ಯದರ್ಶಿ ಹೋಟೆಲಿನ ಲಿಫ್ಟ್ ಹತ್ತಿರ ನಿಮ್ಮನ್ನು ನಿಲ್ಲಿಸಿಕೊಂಡು, "ಮೇಲಿನಿಂದ ಆದೇಶ ಬಂದಿದೆ. ಬದಲಾಯಿಸೋದಿಲ್ಲ" ಎಂದರಂತೆ. ಚುನಾವಣೆ ಹತ್ತಿರ ಇದೆ. ನಮ್ಮ ಪೈಲಟ್‌ಗಳ ಮನೆಯವರು ಷರತ್ತು ತೆಗೆಯಬೇಡಿ ಎಂದು ಮಂತ್ರಿಗಳನ್ನು ನೋಡಿ ಕೈಮುಗಿದು ಬಂದಿದ್ದಾರೆ. "ನಿಮಗೆ ಕಷ್ಟ ಆಗುತ್ತೆ, ಕಿರಿಯರೊಬ್ಬರು ಓದಲಿ. ನೀವು ರೂಮಿನಲ್ಲೇ ಇರಿ" ಎಂದೂ ಹೇಳಿದರಂತೆ. ನೀವು "ಬೇಡ, ನಾನೇ ಓದ್ತೀನಿ. ಬೇರೆಯವರ ಬಾಯಲ್ಲಿ ಕೇಳೋಕೆ ಆಗಲ್ಲ" ಎಂದಿರಂತೆ.

ಟಿವಿಯಲ್ಲಿ ತೋರಿಸದೇ ಇದ್ದ ಇನ್ನೊಂದನ್ನೂ ಹೇಳಿದಳು. ಕ್ಯಾಮೆರಾಗಳೆಲ್ಲ ಹೋದ ಮೇಲೆ ನೀವು ಆ ಮೇಜಿನಲ್ಲಿ ಸಂಜೆಯವರೆಗೆ ಕೂತು, ಪ್ರತಿಯೊಬ್ಬರ ಕುರ್ಚಿಯ ಬಳಿ ಹೋಗಿ ಮಾತಾಡಿ, ಒಂದು ಸಾಲು ಸೇರಿಸಿ ಬಂದಿರಂತೆ: ಅನುಮತಿ ಕೊಡಬಲ್ಲ ಅಧಿಕಾರಿಯೊಬ್ಬರು ರಜಾದಿನಗಳಲ್ಲೂ ದೂರವಾಣಿಯ ಬಳಿ ಇರತಕ್ಕದ್ದು. ಅಷ್ಟೇ. ಅದಕ್ಕೆ ಮಾತ್ರ ಎಲ್ಲರೂ ಒಪ್ಪಿದರಂತೆ. ಹಡಗು, ಕೇಬಲ್, ಹೊಸ ಸದಸ್ಯರು, ಏನೇನೋ ದೊಡ್ಡ ದೊಡ್ಡ ತೀರ್ಮಾನಗಳಾದವು, ಪೇಪರಿನಲ್ಲಿ ಅವೆಲ್ಲ ಬಂದವು. ಈ ಸಾಲು ಬರಲಿಲ್ಲ. ಮೇಡಂ ಕೂಡ ಹೊಸ ಒಪ್ಪಂದದ ಬಗ್ಗೆ ಪೂರ್ತಿ ಒಂದು ಗಂಟೆ ಪಾಠ ಮಾಡಿದರು. "ಗಡಿಯಿಂದ ನದಿಗೆ, ನದಿಯಿಂದ ಸಮುದ್ರಕ್ಕೆ. ಬಗ್ಗೋದು ಕಲಿತದ್ದಕ್ಕೇ ಇದು ಮುರೀಲಿಲ್ಲ" ಎಂದರು. ನಿಮ್ಮ ಸಾಲಿನ ಸುದ್ದಿ ಅಲ್ಲೂ ಇಲ್ಲ.

ಹೋಗಿ ಎಂದು ನಿಮ್ಮನ್ನು ದೂಡಿದವಳು ನಾನು. ಕುರ್ಚಿ ಬಿಚ್ಚಿಕೊಂಡು ಬಾಲ್ಕನಿಯಲ್ಲಿ ಇದ್ದಿದ್ದರೆ ನೀವು ಅದನ್ನು ಎಲ್ಲರೆದುರು ಓದಬೇಕಾಗಿರಲಿಲ್ಲ. ಇದನ್ನು ಯೋಚಿಸುತ್ತಾ ಒಂದು ವಾರ ಕ್ಲಾಸಿನಲ್ಲಿ ಏನೂ ತಲೆಗೆ ಹೋಗಲಿಲ್ಲ. ಅಮ್ಮನಿಗೆ ಹೇಳಿದೆ. "ಅವರೇನು ಎಳೆಮಗುವಾ, ನೀನು ದೂಡಿದ್ದಕ್ಕೆ ಹೋಗೋಕೆ? ಬಂದ ಮೇಲೆ ಬಾಲ್ಕನಿ ಕಡೆ ಹೋಗಿಲ್ಲ. ಅಣ್ಣನ ರೂಮಿನಲ್ಲಿ ಮಲಗ್ತಾರೆ. ಫ್ಯಾನ್ ಶಬ್ದ ಮಾಡುತ್ತೆ ಅಂತ ಬೈತಾರೆ. ಅಷ್ಟಾದರೂ ಮಾತು ಬಂತಲ್ಲ" ಎಂದಳು.

ಅಣ್ಣನೂ ಆ ಫ್ಯಾನನ್ನು ಬೈಯುತ್ತಿದ್ದ. ರಿಪೇರಿ ಮಾಡಿಸಬೇಡಿ, ಅಪ್ಪಾ.

ಡಿಸೆಂಬರಿನಲ್ಲಿ ಬರುತ್ತೇನೆ. ಗಡಿಯಾರವನ್ನೂ ಕರೆತಂದರೆ ನಿಮಗೆ ಕಷ್ಟವಾಗುತ್ತದೆಯೇ? ಕಷ್ಟವಾದರೆ ಆಗುತ್ತದೆ ಎಂದೇ ಬರೆಯಿರಿ. ಅವಳಿಗೆ ಬೇರೆ ಏನಾದರೂ ಹೇಳುತ್ತೇನೆ.

ಕೊನೆಯಲ್ಲಿ ನಿಮ್ಮ ಆಶೀರ್ವಾದ ಕೇಳಬೇಕಾದವಳು ನಾನು. ಕೇಳುತ್ತೇನೆ, ಕೊಡಿ, ಪರೀಕ್ಷೆ ಹತ್ತಿರ ಬಂತು. ಆದರೆ ಈ ಸಲ ನನ್ನಿಂದಲೂ ಒಂದಷ್ಟು ಇಟ್ಟುಕೊಳ್ಳಿ: ನಿಮಗೆ ನಿದ್ದೆ ಬರಲಿ. ತಟ್ಟೆಗೆ ಬಡಿಸಿದ್ದು ಗಂಟಲಲ್ಲಿ ಇಳಿಯಲಿ. ಇಲಾಖೆಯಿಂದ ಯಾರೂ ಮನೆಗೆ ಬರದಿರಲಿ. ಚಿಕ್ಕವರು ದೊಡ್ಡವರನ್ನು ಹರಸಬಾರದೆಂದು ನಿಯಮವಿದ್ದರೆ ಇದನ್ನು ಹೊಡೆದುಹಾಕಿ, ನೀವು ಒಳ್ಳೆಯ ತಿದ್ದುಗಾರರು.

ಅಮ್ಮನಿಗೆ ಮುತ್ತು.

ನಿಮ್ಮ
ಮರಿ

ಮರೆತದ್ದು: ಮರೆತಿರಲಿಲ್ಲ. ಬರೆಯಲು ಧೈರ್ಯ ಬರಲಿಲ್ಲ.

ಇವತ್ತು ಮೇಡಂ ಕ್ಲಾಸಿನ ಬೆಂಚುಗಳನ್ನೆಲ್ಲ ಜೋಡಿಸಿ ಮೈತ್ರಿಕೂಟದ ಸಭೆಯ ಹಾಗೆ ಮಾಡಿದರು. ಒಬ್ಬೊಬ್ಬರಿಗೆ ಒಂದೊಂದು ದೇಶ. ನನಗೆ ನಮ್ಮದೇ ಕೊಟ್ಟರು, ಗಡಿಯಾರಕ್ಕೆ ಅವಳದು. ಅಂಕಗಳಿಲ್ಲ, ಬರೀ ಅಭ್ಯಾಸ. ಷರತ್ತನ್ನು ಇಟ್ಟುಕೊಳ್ಳಬಹುದು, ತೆಗೆಯಬಹುದು, ನಿಮ್ಮಿಷ್ಟ ಎಂದರು. ನಾನು ತೆಗೆಯುವುದೆಂದೇ ಕೂತಿದ್ದೆ. ನನ್ನನ್ನು ಲಿಫ್ಟ್ ಹತ್ತಿರ ನಿಲ್ಲಿಸಿಕೊಳ್ಳಲು ಯಾವ ಕಾರ್ಯದರ್ಶಿಯೂ ಇರಲಿಲ್ಲ. ಚುನಾವಣೆಯೂ ಇರಲಿಲ್ಲ.

ಗಡಿಯಾರ ನನ್ನ ಮುಖ ನೋಡಿ ಕೇಳಿದಳು: "ನದಿಯಾಚೆ ನಮ್ಮ ಹುಡುಗನೊಬ್ಬ ಬಿದ್ದಿದ್ದಾನೆ. ಹತ್ತಿರ ಇರೋದು ನಿಮ್ಮ ಹೆಲಿಕಾಪ್ಟರ್ ಒಂದೇ. ಕಳಿಸ್ತೀರಾ?"

ಕಳಿಸ್ತೀವಿ ಎನ್ನಲು ಬಾಯಿ ತೆರೆದೆ. ಯಾರೋ ಒಬ್ಬ ನಮ್ಮ ಪೈಲಟ್ ಕಣ್ಣಿಗೆ ಬಂದ, ನಾನು ಎಂದೂ ನೋಡಿರದವನು. ಬೆಲ್ಟ್ ಹಾಕಿಕೊಳ್ಳುತ್ತಿದ್ದ. ಅವನ ಅಮ್ಮ ಎಲ್ಲೋ ಒಂದು ಬಾಗಿಲಲ್ಲಿ ನಮ್ಮಮ್ಮನ ಹಾಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. "ರಾಜಧಾನಿಯನ್ನು ಕೇಳಿ ಹೇಳ್ತೀವಿ" ಎಂದೆ.

ಅವಳು ಇನ್ನೊಮ್ಮೆ ಕೇಳಿದಳು. ನಾನು ಇನ್ನೊಮ್ಮೆ ಅದನ್ನೇ ಹೇಳಿದೆ, ಅಪ್ಪಾ. ಅವಳು ತಲೆ ಬಗ್ಗಿಸಿ ಬರೆದುಕೊಂಡಳು. ಇನ್ನೂ ರೂಮಿಗೆ ಬಂದಿಲ್ಲ.